ಭಾನುವಾರದ ಸುಳ್ಳು ಪರೀಕ್ಷೆ

ನವೆಂಬರ್ ಕೊನೆಗೆ ಐಐಎಂಗಳ ಪ್ರವೇಶ ಪರೀಕ್ಷೆ ಕ್ಯಾಟ್. ಅದಕ್ಕೂ ಮುಂಚಿನ ಭಾನುವಾರಗಳೆಲ್ಲ ಮಾಕ್, ಅಂದರೆ ಅಣಕು ಪರೀಕ್ಷೆ. ಎಂಬಿಎ ಕನಸು ಹೊತ್ತ ಗುಬ್ಬಿ, ಕುಣಿಗಲ್, ತುಮಕೂರಿನ ಹುಡುಗ ಹುಡುಗಿಯರು ಮನೆಯ ಮೂಲೆಯಲ್ಲಿ ಕೂತು ಪರೀಕ್ಷೆಯ ಮೇಲೆ ಪರೀಕ್ಷೆ ಬರೆಯುತ್ತಾರೆ. ಬರೆಯುವುದು ಎರಡು ಗಂಟೆ. ಕಲಿಯುವುದು ಆಮೇಲಿನ ನಾಲ್ಕು ಗಂಟೆಯಲ್ಲಿ. ಆ ನಾಲ್ಕು ಗಂಟೆಯನ್ನೇ ಹೆಚ್ಚಿನವರು ನಿದ್ದೆಗೆ ಕೊಟ್ಟುಬಿಡುತ್ತಾರೆ!

ಬೆಳಿಗ್ಗೆ ಎಂಟೂಕಾಲು. ಗುಬ್ಬಿಯ ಬಿ.ಎಚ್. ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಬೀದಿ. ಅಡಿಕೆ ಕೊಯ್ಲಿನ ಕಾಲ. ಜಗುಲಿಯ ಮೇಲೆ ಹಸಿ ಅಡಿಕೆ ರಾಶಿ ಬಿದ್ದಿದೆ, ಸುಲಿಯುವ ಹೆಂಗಸರು ಆಗಲೇ ಬಂದು ಕೂತಿದ್ದಾರೆ. ಒಳಕೋಣೆಯಲ್ಲಿ ಹೊಲಿಗೆ ಮಷೀನಿನ ಮೇಲೆ ಲ್ಯಾಪ್‌ಟಾಪ್. ಪಕ್ಕದಲ್ಲಿ ನಾಲ್ಕು ಬಿಳಿ ಹಾಳೆ, ಒಂದು ಪೆನ್ನು. ಕಿಟಕಿಯ ಸರಳಿಗೆ ಒರಗಿಸಿಟ್ಟ ಮೊಬೈಲು. ಸಿಗ್ನಲ್ ನಿಲ್ಲುವುದು ಅಲ್ಲಿ ಮಾತ್ರ.

‘ಇವತ್ತೂ ಪರೀಕ್ಷೇನೇನೋ?’ ಅಮ್ಮ ಬಾಗಿಲಲ್ಲಿ ನಿಂತು ಕೇಳುತ್ತಾರೆ.

‘ಮಾಕ್ ಕಣಮ್ಮ.’

‘ಹೋದ ವಾರ ಬರ್ದಿದ್ದು?’

‘ಅದೂ ಮಾಕೇ.’

‘ಹಂಗಾದ್ರೆ ನಿಜವಾದ್ದು ಯಾವಾಗ್ಲಾ?’

ಉತ್ತರ ಬರುವಷ್ಟರಲ್ಲಿ ಎಂಟೂವರೆ. ತೆರೆಯ ಮೂಲೆಯಲ್ಲಿ ಗಡಿಯಾರ ಹಿಂದಕ್ಕೆ ಎಣಿಸತೊಡಗಿದೆ. ಬಾಗಿಲು ಮುಚ್ಚಿಕೊಳ್ಳುತ್ತದೆ. ಹೊರಗೆ ಅಡಿಕೆ ಸುಲಿಯುವವರು ತಾವಾಗಿಯೇ ದನಿ ತಗ್ಗಿಸುತ್ತಾರೆ.

ದಸರೆ ಮುಗಿದು ದೀಪಾವಳಿ ಹತ್ತಿರವಾದಂತೆ ತುಮಕೂರು ಸೀಮೆಯಲ್ಲಿ ಹೀಗೆ ಬಾಗಿಲು ಹಾಕಿಕೊಳ್ಳುವ ಮನೆಗಳು ಒಂದೊಂದಾಗಿ ಸಿಗುತ್ತವೆ. ಬಿ.ಕಾಂ., ಬಿಬಿಎ ಮುಗಿಸಿದವರು, ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವವರು, ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡಿ ದುಡಿಯುತ್ತಲೇ ಓದುವವರು. ಕೆಲವರ ಕಣ್ಣು ಬನ್ನೇರುಘಟ್ಟ ರಸ್ತೆಯ ಐಐಎಂ ಮೇಲೆ. ಹೆಚ್ಚಿನವರದು ಅಷ್ಟು ದೂರದ ಗುರಿಯಲ್ಲ. ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿಯಲ್ಲಿ ಒಳ್ಳೆ ರ‍್ಯಾಂಕ್ ಬಂದು, ಮೈಸೂರಿನ ಮ್ಯಾನೇಜ್‌ಮೆಂಟ್ ಸಂಸ್ಥೆ ಬಿಮ್ಸ್‌ನಲ್ಲೋ ತುಮಕೂರು ವಿಶ್ವವಿದ್ಯಾಲಯದಲ್ಲೋ ಸಿದ್ಧಗಂಗಾ ತಾಂತ್ರಿಕ ಕಾಲೇಜಿನಲ್ಲೋ ಸೀಟು ಸಿಕ್ಕರೆ ಸಾಕು. ಗುಬ್ಬಿಯಲ್ಲೇ ಚನ್ನಬಸವೇಶ್ವರ ತಾಂತ್ರಿಕ ಕಾಲೇಜಿನಲ್ಲಿ ಎಂಬಿಎ ಇದೆ. ಮನೆ ಊಟ ಬಿಡಬೇಕಾಗಿಲ್ಲ.

ಓದಿ ಮುಗಿಸಿದವರಿಗೆ ಈಗ ಊರ ಸುತ್ತಮುತ್ತಲೇ ಕೆಲಸದ ಆಸೆಯೂ ಇದೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶ ಬೆಳೆಯುತ್ತಿದೆ. 2023ರ ಫೆಬ್ರುವರಿಯಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಲೆಕ್ಕ ಬರೆಯುವವರಿಗಿಂತ ಲೆಕ್ಕ ನೋಡಿ ತೀರ್ಮಾನ ಮಾಡುವವರು ಬೇಕು ಎಂಬ ಮಾತು ಕಾಲೇಜುಗಳಲ್ಲಿ ಓಡಾಡುತ್ತಿದೆ.

ಗುರಿ ಯಾವುದೇ ಇರಲಿ, ದಾರಿಯಲ್ಲಿ ಮಾಕ್ ಇದ್ದೇ ಇದೆ. ಅದನ್ನು ಬರೆಯುವುದು ಹೇಗೆಂದು ಹೇಳಿಕೊಡುವವರು ಬೇಕಾದಷ್ಟು ಜನ. ಬರೆದಾದ ಮೇಲೆ ಏನು ಮಾಡಬೇಕೆಂದು ಹೇಳುವವರು ಕಡಿಮೆ.

ಬಿಡುವ ವಿದ್ಯೆ

ನಮ್ಮ ಶಾಲೆ, ಕಾಲೇಜುಗಳು ಕಲಿಸಿದ್ದು ಒಂದೇ: ಎಲ್ಲ ಪ್ರಶ್ನೆಗೂ ಉತ್ತರಿಸಿ. ಗೊತ್ತಿಲ್ಲದಿದ್ದರೂ ಏನಾದರೂ ಬರೆಯಿರಿ, ಕರುಣೆ ತೋರಿ ಒಂದೆರಡು ಅಂಕ ಹಾಕುತ್ತಾರೆ. ಎಸ್ಸೆಸ್ಸೆಲ್ಸಿಯಿಂದ ಪದವಿಯವರೆಗೆ ಈ ನಂಬಿಕೆ ಕೈಬಿಟ್ಟಿಲ್ಲ.

ಕ್ಯಾಟ್ ಬಳಿ ಕರುಣೆ ಇಲ್ಲ. 2024ರ ಪತ್ರಿಕೆಯನ್ನೇ ತೆಗೆದುಕೊಳ್ಳಿ. 120 ನಿಮಿಷ, 68 ಪ್ರಶ್ನೆ, 204 ಅಂಕ. ಸರಿ ಉತ್ತರಕ್ಕೆ 3, ಆಯ್ಕೆಯ ಪ್ರಶ್ನೆಯಲ್ಲಿ ತಪ್ಪಿದರೆ ಮೈನಸ್ 1. ಆ ವರ್ಷ ಸುಮಾರು 2.93 ಲಕ್ಷ ಮಂದಿ ಬರೆದರು. 99 ಪರ್ಸೆಂಟೈಲ್ ಎಂದರೆ ನಿಮ್ಮ ಮುಂದೆ ಹೆಚ್ಚುಕಡಿಮೆ 2,900 ಜನ ಮಾತ್ರ. ಆ ಎತ್ತರಕ್ಕೆ ಹತ್ತಲು ಬೇಕಾದ ಅಂಕ ಎಷ್ಟು ಗೊತ್ತೇ? 204ರಲ್ಲಿ ಅರ್ಧಕ್ಕಿಂತ ಕಡಿಮೆ!

ಗುಬ್ಬಿಯ ಹುಡುಗನಿಗಾಗಲಿ ದಿಲ್ಲಿಯ ಹುಡುಗಿಗಾಗಲಿ ಮೊದಲ ಸಲ ನಂಬಲು ಕಷ್ಟವಾಗುವ ಸಂಗತಿ ಇದು. ಶಾಲೆಯಲ್ಲಿ ಅರ್ಧ ಅಂಕ ಬಂದರೆ ಅಪ್ಪ ಮುಖ ತಿರುಗಿಸುತ್ತಿದ್ದರು. ಇಲ್ಲಿ ಅರ್ಧ ಅಂಕ ಬಂದವನನ್ನು ಕರೆದು ಕೂರಿಸುತ್ತಾರೆ.

ಹಾಗಾದರೆ ಗೆಲ್ಲುವವರು ಮಾಡುವುದೇನು? ಬಿಡುತ್ತಾರೆ. ಯಾವುದನ್ನು ಬಿಡಬೇಕೆಂದು ಬೇಗ ತೀರ್ಮಾನಿಸಿ, ಮತ್ತೆ ಹಿಂದಿರುಗಿ ನೋಡದೆ ಬಿಡುತ್ತಾರೆ. ಪತ್ರಿಕೆಯ ನಡುಭಾಗದಲ್ಲಿ ಬರುವ, ಹುಡುಗರ ಬಾಯಲ್ಲಿ ‘ಡಿಐಎಲ್‌ಆರ್’ ಎನಿಸಿಕೊಂಡಿರುವ ದತ್ತಾಂಶ ಮತ್ತು ತರ್ಕದ ವಿಭಾಗವಿದೆಯಲ್ಲ, ಅದು ಈ ವಿದ್ಯೆಯ ಗರಡಿ. 2024ರಲ್ಲಿ ಅಲ್ಲಿದ್ದದ್ದು 5 ಸೆಟ್, 22 ಪ್ರಶ್ನೆ, ಸಮಯ 40 ನಿಮಿಷ. ಐದಕ್ಕೂ ಕೈಹಾಕಿದವನು ಐದನ್ನೂ ಅರೆಬರೆ ಮಾಡಿ ಎದ್ದು ಬರುತ್ತಾನೆ. ಮೊದಲ ಐದು ನಿಮಿಷ ಪೆನ್ನು ಮುಟ್ಟದೆ ಐದನ್ನೂ ಓದಿ, ಎರಡೋ ಮೂರೋ ಆರಿಸಿಕೊಂಡವನು ಅಷ್ಟನ್ನು ಪೂರ್ತಿ ಮಾಡುತ್ತಾನೆ.

ಈ ಆಯ್ಕೆ ಯಾವ ಗೈಡಿನಲ್ಲೂ ಇಲ್ಲ. ಗಡಿಯಾರ ಓಡುತ್ತಿರುವಾಗ, ಮೂರನೇ ಸೆಟ್‌ನಲ್ಲಿ 9 ನಿಮಿಷ ಕಳೆದಾದ ಮೇಲೆ, ‘ಇನ್ನೊಂದೇ ನಿಮಿಷ, ಬಂದೇಬಿಡುತ್ತೆ’ ಎಂದು ಮನಸ್ಸು ಪೀಡಿಸುವಾಗ ಎದ್ದು ನಡೆಯುವುದು ರೂಢಿಯಿಂದ ಮಾತ್ರ ಬರುತ್ತದೆ. ಮಾಕ್ ಇರುವುದು ಆ ರೂಢಿಗಾಗಿ.

> ಕುರುಡು ಉತ್ತರದ ಲೆಕ್ಕ
>
> ನಾಲ್ಕು ಆಯ್ಕೆಗಳ ನಾಲ್ಕು ಪ್ರಶ್ನೆಗೆ ಕಣ್ಣು ಮುಚ್ಚಿ ಉತ್ತರ ಒತ್ತಿದಿರಿ ಎನ್ನಿ. ಸರಾಸರಿ ಒಂದು ಸರಿ, ಮೂರು ತಪ್ಪು. ಕ್ಯಾಟ್ ಲೆಕ್ಕದಲ್ಲಿ 3 ಬಂತು, 3 ಹೋಯಿತು. ಗಳಿಕೆ ಸೊನ್ನೆ, ನಷ್ಟ ಸಮಯ.
>
> ಒಂದು ಆಯ್ಕೆ ಖಂಡಿತ ತಪ್ಪೆಂದು ಗೊತ್ತಿದ್ದರೆ ಮಾತೇ ಬೇರೆ. ಮೂರರಲ್ಲಿ ಒಂದನ್ನು ಊಹಿಸುವಾಗ ಪ್ರತಿ ಪ್ರಶ್ನೆಗೂ ಸರಾಸರಿ ಮೂರನೇ ಒಂದಂಶ ಅಂಕದ ಲಾಭ.
>
> ಆಯ್ಕೆಯಿಲ್ಲದೆ ಉತ್ತರವನ್ನು ನಾವೇ ತುಂಬುವ ಪ್ರಶ್ನೆಗಳಿಗೆ ಮೈನಸ್ ಇಲ್ಲ. ಅವನ್ನು ಖಾಲಿ ಬಿಟ್ಟು ಬರುವುದು ಶುದ್ಧ ಸೋಮಾರಿತನ.

ಓದಿದವರು ಮತ್ತು ಬರೆದವರು

ಪದೇಪದೇ ಓದುವುದಕ್ಕಿಂತ ಪದೇಪದೇ ಪರೀಕ್ಷೆ ಬರೆಯುವುದು ಮೇಲು ಎಂಬುದು ಕೋಚಿಂಗ್ ಸೆಂಟರಿನ ಜಾಹೀರಾತಿನ ಮಾತಿನಂತೆ ಕೇಳಿಸುತ್ತದೆ. ಆದರೆ ಅದರ ಹಿಂದೆ ನೂರು ವರ್ಷದ ಸಂಶೋಧನೆ ಇದೆ. ಅಮೆರಿಕದ ಅಯೋವಾದಲ್ಲಿ 1939ರಲ್ಲೇ ಆರನೇ ತರಗತಿಯ 3,605 ಮಕ್ಕಳ ಮೇಲೆ ಹರ್ಬರ್ಟ್ ಸ್ಪಿಟ್ಜರ್ ಎಂಬಾತ ಇದನ್ನು ಪರೀಕ್ಷಿಸಿದ್ದ.

ಹೆಚ್ಚು ಹೆಸರಾದದ್ದು 2006ರ ಪ್ರಯೋಗ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದೇ ಸರದಿ ಓದಿ, ಉಳಿದ ಮೂರು ಸರದಿಯಲ್ಲಿ ಪುಸ್ತಕ ನೋಡದೆ ನೆನಪಾದದ್ದನ್ನು ಬರೆಯಿತು. ಐದು ನಿಮಿಷದ ಬಳಿಕ ಕೇಳಿದಾಗ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದಾಗ ಓದಿದವರಿಗೆ ನೆನಪಿದ್ದದ್ದು ಶೇ 40, ಬರೆದವರಿಗೆ ಶೇ 61.

ಅದರಲ್ಲೊಂದು ತಮಾಷೆಯಿದೆ. ‘ನಮಗೆ ಚೆನ್ನಾಗಿ ನೆನಪಿರುತ್ತದೆ’ ಎಂದು ಹೆಚ್ಚು ಧೈರ್ಯದಿಂದ ಹೇಳಿದ್ದು ಬರೀ ಓದಿದ ಗುಂಪು! ಓದಿದ ಪುಟ ಮತ್ತೆ ಕಂಡಾಗ ಪರಿಚಿತ ಮುಖ ಕಂಡಂತಾಗುತ್ತದೆ. ಹೆಸರು ಕೇಳಿದರೆ ಮಾತ್ರ ತಡವರಿಸುತ್ತೇವೆ.

2013ರಲ್ಲಿ ಜಾನ್ ಡನ್‌ಲೋಸ್ಕಿ ಮತ್ತು ಸಂಗಡಿಗರು ಹತ್ತು ಓದುವ ವಿಧಾನಗಳನ್ನು ತೂಗಿ ನೋಡಿದರು. ಮೇಲಿನ ದರ್ಜೆ ಸಿಕ್ಕಿದ್ದು ಎರಡಕ್ಕೆ ಮಾತ್ರ: ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಅಭ್ಯಾಸವನ್ನು ಹಲವು ದಿನಗಳಿಗೆ ಹರಡಿಕೊಳ್ಳುವುದು. ಮತ್ತೆ ಮತ್ತೆ ಓದುವುದು, ಹಳದಿ ಪೆನ್ನಿನಿಂದ ಗೆರೆ ಎಳೆಯುವುದು ಕೆಳಗಿನ ದರ್ಜೆಯಲ್ಲಿ ಕೂತವು. ತುಮಕೂರಿನ ಯಾವುದೇ ಹಾಸ್ಟೆಲ್ಲಿಗೆ ಹೋಗಿ ನೋಡಿ, ಪುಸ್ತಕದ ತುಂಬ ಹಳದಿಯೇ.

ಒಂದು ಎಚ್ಚರಿಕೆ ಬೇಕು. ಆ ಪ್ರಯೋಗಗಳೆಲ್ಲ ಓದಿದ್ದು ನೆನಪಿರುವುದರ ಕುರಿತು. ಕ್ಯಾಟ್ ಕೇಳುವುದು ನೆನಪನ್ನಷ್ಟೇ ಅಲ್ಲ. ಅನುಪಾತ, ಶೇಕಡಾವಾರು, ಬೀಜಗಣಿತದ ಮೂಲ ಪಾಠವೇ ಆಗದವನು ಮಾಕ್ ಮೇಲೆ ಮಾಕ್ ಬರೆದರೆ ಅದೇ ತಪ್ಪು ಗಟ್ಟಿಯಾಗುತ್ತದೆ ಅಷ್ಟೆ. ಜೂನ್‌ನಲ್ಲಿ ಗಣಿತದ ಪುಸ್ತಕ ತೆರೆಯದೆ ಅಕ್ಟೋಬರ್‌ನಲ್ಲಿ ಮಾಕ್ ಕೊಂಡವರಿಗೆ ಯಾವ ಮನೋವಿಜ್ಞಾನವೂ ನೆರವಿಗೆ ಬರುವುದಿಲ್ಲ.

ಚನ್ನಬಸವೇಶ್ವರನ ಊರಿನ ತಾಲೀಮು

ಗುಬ್ಬಿ ಎಂದೊಡನೆ ನಾಟಕ ಕಂಪನಿಯನ್ನು ಎಳೆದು ತರಲೇಬೇಕೇ ಎಂದು ಯಾರಾದರೂ ಕೇಳಬಹುದು. ಈ ವಿಷಯಕ್ಕೆ ತರಲೇಬೇಕು.

1884ರಲ್ಲಿ ಇಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘ, ಗುಬ್ಬಿ ವೀರಣ್ಣನವರ ಕೈಯಲ್ಲಿ ದಕ್ಷಿಣ ಭಾರತದಲ್ಲೆಲ್ಲ ಹೆಸರು ಮಾಡಿತು. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿ ಅದು. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್, ಬಿ.ವಿ. ಕಾರಂತರಂಥವರು ಹಾದುಬಂದ ಗರಡಿ.

ಕಂಪನಿ ನಾಟಕದ ತಾಲೀಮಿನಲ್ಲಿ ಪಾತ್ರಧಾರಿ ಮಾತು ತಪ್ಪಿದರೆ ಹಾರ್ಮೋನಿಯಂ ನಿಲ್ಲುತ್ತಿತ್ತು. ಮೇಷ್ಟ್ರು ಎಲ್ಲಿ ತಪ್ಪಿತೆಂದು ತೋರಿಸಿ, ಅಲ್ಲಿಂದಲೇ ಮತ್ತೆ ಹೇಳಿಸುತ್ತಿದ್ದರು. ಮೊದಲಿಂದ ಕೊನೆವರೆಗೆ ಒಮ್ಮೆ ಒದರಿ, ‘ಆಯ್ತು, ಮನೆಗೆ ಹೋಗಿ’ ಎಂದರೆ ಅದು ತಾಲೀಮಲ್ಲ. ಇವತ್ತಿನ ಹುಡುಗರು ಮಾಕ್ ಬರೆಯುವ ಬಗೆಯಲ್ಲಿ ಕೊರತೆ ಇರುವುದು ಇಲ್ಲೇ. ಎರಡು ಗಂಟೆ ಬರೆಯುತ್ತಾರೆ, ಅಂಕ ನೋಡುತ್ತಾರೆ, ಸಂತೋಷವನ್ನೋ ಸಂಕಟವನ್ನೋ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ, ಮಲಗುತ್ತಾರೆ. ಮುಂದಿನ ಭಾನುವಾರ ಅದೇ ಜಾಗದಲ್ಲಿ ಅದೇ ತಪ್ಪು.

ಒಂದು ತಪ್ಪಿನ ಪಂಚನಾಮೆ

ಹಾಗಾದರೆ ಮಧ್ಯಾಹ್ನ ಮಾಡಬೇಕಾದ ಕೆಲಸ ಯಾವುದು? ಒಂದು ಪ್ರಶ್ನೆ ಹಿಡಿದೇ ನೋಡೋಣ.

ಕ್ವಿಂಟಲ್‌ಗೆ 50,000 ರೂಪಾಯಿ ಇದ್ದ ಅಡಿಕೆ ಬೆಲೆ ಮೊದಲು ಶೇ 20ರಷ್ಟು ಏರಿ, ಆಮೇಲೆ ಶೇ 20ರಷ್ಟು ಇಳಿಯಿತು. ಈಗ ಬೆಲೆ ಎಷ್ಟು? ಪಿಜಿಸಿಇಟಿ ಮಟ್ಟದ ಸುಲಭ ಲೆಕ್ಕ. ಏರಿದಾಗ 60,000. ಅದರ ಶೇ 20 ಎಂದರೆ 12,000. ಉಳಿದದ್ದು 48,000. ಗುಬ್ಬಿ ಮಂಡಿಯಲ್ಲಿ ಕೂತ ಯಾವ ರೈತನೂ ಇದನ್ನು ತಪ್ಪು ಮಾಡುವುದಿಲ್ಲ, ಏಕೆಂದರೆ ಹೋದ ಎರಡು ಸಾವಿರ ಅವನದು.

ಆದರೆ ಗಡಿಯಾರದ ಮುಂದೆ ಕೂತ ಅವನ ಮಗ ‘ಇಪ್ಪತ್ತು ಬಂತು, ಇಪ್ಪತ್ತು ಹೋಯ್ತು, ಬದಲಾವಣೆ ಇಲ್ಲ’ ಎಂದು 50,000 ಒತ್ತಿ ಮುಂದೆ ಹೋಗಿರುತ್ತಾನೆ. ಮಾಕ್ ಮುಗಿದು ಉತ್ತರ ನೋಡಿದಾಗ ಹಣೆ ಚಚ್ಚಿಕೊಂಡು, ‘ಅಯ್ಯೋ, ಗೊತ್ತಿತ್ತು’ ಅನ್ನುತ್ತಾನೆ. ಅಲ್ಲಿಗೆ ಬಿಟ್ಟರೆ ಆ ತಪ್ಪು ಮುಂದಿನ ವಾರಕ್ಕೂ ಜೊತೆಯಲ್ಲೇ ಬರುತ್ತದೆ.

ಕೆಲವರು ಇನ್ನೂರು ಪುಟದ ನೋಟ್‌ಬುಕ್ಕೊಂದನ್ನು ಬರೀ ತಪ್ಪುಗಳಿಗಾಗಿ ಇಡುತ್ತಾರೆ. ನಾನು ಕಂಡಂತೆ ಮುಂದೆ ಹೋಗುವವರು ಇವರೇ. ಪ್ರತಿ ತಪ್ಪಿನ ಎದುರಿಗೂ ಕಾರಣ ಬರೆಯಬೇಕು: ಪಾಠವೇ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಎಡವಿದ್ದೋ, ಪ್ರಶ್ನೆ ಸರಿಯಾಗಿ ಓದಲಿಲ್ಲವೋ, ಬಿಡಬೇಕಾದ್ದನ್ನು ಹಿಡಿದುಕೊಂಡು ಕೂತದ್ದೋ. ನಾಲ್ಕಕ್ಕೂ ಮದ್ದು ಬೇರೆ ಬೇರೆ. ಪಾಠ ಗೊತ್ತಿಲ್ಲದವನು ಪುಸ್ತಕಕ್ಕೆ ಹೋಗಬೇಕು. ಎಡವಿದವನು ಅದೇ ಬಗೆಯ ಹತ್ತು ಲೆಕ್ಕ ನಿಧಾನವಾಗಿ ಮಾಡಬೇಕು. ಹಿಡಿದುಕೊಂಡು ಕೂತವನಿಗೆ ಇನ್ನಷ್ಟು ಗಣಿತ ಓದಿಸಿದರೆ ಪ್ರಯೋಜನವಿಲ್ಲ, ಅವನು ಇನ್ನಷ್ಟು ಹೊತ್ತು ಹಿಡಿದುಕೊಳ್ಳುತ್ತಾನೆ!

ಸರಿಯಾದ ಉತ್ತರಗಳನ್ನೂ ಬಿಡಬಾರದು. ಊಹಿಸಿ ಸರಿಯಾದದ್ದು, ಐದು ನಿಮಿಷ ತಿಂದು ಸರಿಯಾದದ್ದು ಎರಡೂ ಅಪಾಯದವೇ. ಬಿಟ್ಟುಬಂದ ಪ್ರಶ್ನೆಗಳನ್ನು ಗಡಿಯಾರವಿಲ್ಲದೆ ಮತ್ತೆ ಬಿಡಿಸಬೇಕು. ಅವುಗಳಲ್ಲಿ ಒಂದೂವರೆ ನಿಮಿಷದಲ್ಲಿ ಆಗುವಂಥದ್ದು ಎಷ್ಟಿದ್ದವು ಎಂದು ಎಣಿಸಿದಾಗ ಬರುವ ಸಿಟ್ಟಿದೆಯಲ್ಲ, ಮಾಕ್‌ಗೆ ಕೊಟ್ಟ ದುಡ್ಡು ಆಗ ವಸೂಲಾಗುತ್ತದೆ.

ಇದಕ್ಕೆಲ್ಲ ಮೂರು, ನಾಲ್ಕು ಗಂಟೆ ಬೇಕು. ಹಾಗಾಗಿ ವಾರಕ್ಕೆ ಒಂದು ಮಾಕ್, ಕೊನೆಯ ತಿಂಗಳಲ್ಲಿ ಎರಡು, ಅದಕ್ಕಿಂತ ಹೆಚ್ಚು ಬೇಡ. ನಲವತ್ತು, ಐವತ್ತು ಮಾಕ್‌ಗಳ ಕಟ್ಟು ಮಾರುವವರು ಬೇರೆ ಹೇಳಿಯಾರು. ಅವರ ಕೆಲಸ ಮಾರುವುದು.

> ಇಡೀ ದೇಶಕ್ಕೆ ಮಾಕ್ ಆದ ಪರೀಕ್ಷೆ
>
> 2003ರ ನವೆಂಬರ್ 23ರಂದು ನಡೆದ ಕ್ಯಾಟ್‌ನ ಪ್ರಶ್ನೆಪತ್ರಿಕೆ ಸೋರಿಕೆಯಾಯಿತು. ಪರೀಕ್ಷೆ ರದ್ದಾಗಿ 2004ರ ಫೆಬ್ರುವರಿ 15ರಂದು ಮತ್ತೆ ನಡೆಯಿತು. ಮೊದಲು ಬರೆದದ್ದು ಎಲ್ಲರ ಪಾಲಿಗೂ ತಾಲೀಮಾಗಿ ಹೋಯಿತು!
>
> 2009ರಲ್ಲಿ ಕ್ಯಾಟ್ ಕಾಗದ ಬಿಟ್ಟು ಕಂಪ್ಯೂಟರಿಗೆ ಬಂತು. ಮೊದಲ ದಿನವೇ ಹಲವು ಕೇಂದ್ರಗಳಲ್ಲಿ ಯಂತ್ರಗಳು ಕೈಕೊಟ್ಟವು. ವೈರಸ್ ಮೇಲೆ ದೂರು ಬಂತು.
>
> ಅಮೆರಿಕದ ಎಂಬಿಎ ಪ್ರವೇಶ ಪರೀಕ್ಷೆ ಜಿಮ್ಯಾಟ್‌ನಲ್ಲಿ ಇನ್ನೊಂದು ಕಥೆ. ಸ್ಕೋರ್‌ಟಾಪ್ ಎಂಬ ತಾಣ ‘ಅಭ್ಯಾಸ’ದ ಹೆಸರಿನಲ್ಲಿ ಚಾಲ್ತಿಯಲ್ಲಿದ್ದ ನಿಜವಾದ ಪ್ರಶ್ನೆಗಳನ್ನೇ ಹಂಚುತ್ತಿತ್ತು. 2008ರಲ್ಲಿ ಅದನ್ನು ಬಳಸಿದ 84 ಮಂದಿಯ ಅಂಕಗಳೇ ರದ್ದಾದವು.

ಎರಡು ಪರೀಕ್ಷೆ, ಎರಡು ಸ್ವಭಾವ

ತುಮಕೂರು ಸೀಮೆಯ ಹಲವು ವಿದ್ಯಾರ್ಥಿಗಳು ಕ್ಯಾಟ್ ಮತ್ತು ಪಿಜಿಸಿಇಟಿ ಎರಡನ್ನೂ ಬರೆಯುತ್ತಾರೆ. ಅದಕ್ಕೆಂದೇ ಈ ಎಚ್ಚರಿಕೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿಯ ಎಂಬಿಎ ಪತ್ರಿಕೆಯಲ್ಲಿ 100 ಪ್ರಶ್ನೆ, ಎರಡು ಗಂಟೆ. ತಪ್ಪಿದರೆ ಅಂಕ ಕಳೆಯುವುದಿಲ್ಲ. ಖಾಸಗಿ ಕಾಲೇಜುಗಳ ಸಂಘ ನಡೆಸುವ ಕೆಮ್ಯಾಟ್‌ನಲ್ಲಿ 120 ನಿಮಿಷಕ್ಕೆ 120 ಪ್ರಶ್ನೆ. ಅಲ್ಲೂ ನೆಗೆಟಿವ್ ಇಲ್ಲ.

ಕ್ಯಾಟ್‌ನಲ್ಲಿ ಕಷ್ಟಪಟ್ಟು ಕಲಿತ ಬಿಡುವ ವಿದ್ಯೆಯನ್ನು ಇಲ್ಲಿ ಮರೆಯಬೇಕು. ಇಲ್ಲಿ ಒಂದು ಪ್ರಶ್ನೆ ಖಾಲಿ ಬಿಟ್ಟರೂ ಅಂಕವನ್ನು ಕೈಯಾರೆ ಚೆಲ್ಲಿದಂತೆ. ಪಿಜಿಸಿಇಟಿಯ ಮಾಕ್ ವೇಗದ ಪರೀಕ್ಷೆ: ನಿಮಿಷಕ್ಕೆ ಹೆಚ್ಚುಕಡಿಮೆ ಒಂದರಂತೆ ಓಡಬೇಕು, ಕೊನೆಯ ಐದು ನಿಮಿಷ ಉಳಿದದ್ದನ್ನೆಲ್ಲ ತುಂಬಬೇಕು. ಸಾಮಾನ್ಯ ಜ್ಞಾನದ ಪ್ರಶ್ನೆಗಳೂ ಇರುತ್ತವೆ. ಅದಕ್ಕೆ ಮಾಕ್‌ಗಿಂತ ದಿನಪತ್ರಿಕೆ ಮೇಲು, ಇದನ್ನು ಪತ್ರಿಕೆಯವನಾಗಿ ಹೇಳುತ್ತಿಲ್ಲ.

ಇಂಗ್ಲಿಷಿನ ಮಾತು ಬೇರೆ. ಹಳ್ಳಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹಲವರು ಕ್ಯಾಟ್‌ನ ಮೊದಲ 40 ನಿಮಿಷದಲ್ಲೇ ಸೋತುಬಿಡುತ್ತಾರೆ. 2024ರಲ್ಲಿ ಆ ವಿಭಾಗದ 24 ಪ್ರಶ್ನೆಗಳಲ್ಲಿ 16 ಬಂದದ್ದು ನಾಲ್ಕು ಉದ್ದನೆಯ ಗದ್ಯಭಾಗಗಳಿಂದ. ಮಾಕ್ ಈ ಕೊರತೆಯನ್ನು ತೋರಿಸುತ್ತದೆ, ತುಂಬುವುದಿಲ್ಲ. ಆರು ತಿಂಗಳು ದಿನಕ್ಕೆರಡು ಗಂಭೀರ ಇಂಗ್ಲಿಷ್ ಲೇಖನ ಓದುವುದಕ್ಕೆ ಬದಲಿ ಇಲ್ಲ. ಆದರೂ ನನ್ನ ಗಮನಕ್ಕೆ ಬಂದ ಒಂದು ಸಂಗತಿ ಹೇಳಬೇಕು. ಕನ್ನಡದಲ್ಲಿ ಗಟ್ಟಿ ವಿಮರ್ಶೆ, ಇತಿಹಾಸ ಓದಿದ ಹುಡುಗಿಯರು ಲೇಖಕ ಎಲ್ಲಿ ವಾದ ತಿರುಗಿಸಿದ ಎಂಬುದನ್ನು ಬಲು ಬೇಗ ಹಿಡಿಯುತ್ತಾರೆ. ಪದಗಳು ಆಮೇಲೆ ಬರುತ್ತವೆ.

> ಖರ್ಚಿಲ್ಲದೆ ಸಿಗುವುದು
>
> ಐಐಎಂಗಳು 2017ರಿಂದ ಈಚೆಗೆ ನಡೆದ ಕ್ಯಾಟ್ ಪ್ರಶ್ನೆಪತ್ರಿಕೆಗಳನ್ನು ಪರೀಕ್ಷೆಯ ಬಳಿಕ ಬಿಡುಗಡೆ ಮಾಡುತ್ತಿವೆ. 2019ರವರೆಗೆ ವರ್ಷಕ್ಕೆ ಎರಡು ಪಾಳಿ, 2020ರಿಂದ ಮೂರು. ಇಪ್ಪತ್ತಕ್ಕೂ ಹೆಚ್ಚು ಅಸಲಿ ಪತ್ರಿಕೆಗಳಾದವು.
>
> ಪರೀಕ್ಷೆಗೆ ಕೆಲವು ವಾರ ಮುಂಚೆ ಕ್ಯಾಟ್‌ನ ಅಧಿಕೃತ ಜಾಲತಾಣದಲ್ಲಿ ಉಚಿತ ಮಾಕ್ ಇರುತ್ತದೆ. ತೆರೆ, ಗುಂಡಿ, ಗಡಿಯಾರ ಎಲ್ಲ ಪರೀಕ್ಷಾ ಕೇಂದ್ರದಲ್ಲಿದ್ದಂತೆಯೇ.
>
> ಪಿಜಿಸಿಇಟಿಯ ಹಳೆಯ ಪತ್ರಿಕೆ, ಕೀ ಉತ್ತರಗಳು ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿವೆ.
>
> ಜಿಮ್ಯಾಟ್ ಬರೆಯುವವರಿಗೆ ಅದರ ಸಂಸ್ಥೆಯೇ ಎರಡು ಅಭ್ಯಾಸ ಪರೀಕ್ಷೆ ಉಚಿತವಾಗಿ ಕೊಡುತ್ತದೆ. ಆ ಪರೀಕ್ಷೆಯಲ್ಲಿ ನಿಮ್ಮ ಉತ್ತರ ನೋಡಿ ಮುಂದಿನ ಪ್ರಶ್ನೆಯ ಕಷ್ಟ ಬದಲಾಗುತ್ತದೆ. ಹೊರಗಿನವರ ಮಾಕ್ ಅದನ್ನು ಪೂರ್ತಿ ಅನುಕರಿಸಲಾರದು.

ಪರ್ಸೆಂಟೈಲ್ ಎಂಬ ಭೂತ

ಮಾಕ್ ಬರೆದು ಸಂಜೆ ಮಂಕಾಗಿ ಕೂತವರನ್ನು ವಿಚಾರಿಸಿ. ‘72 ಬಂತು ಸಾರ್, ನನ್ನ ಕೈಲಿ ಆಗಲ್ಲ’ ಎನ್ನುತ್ತಾರೆ. 72 ಎಂಬುದು ಅಂಕವಲ್ಲ, ಸ್ಥಾನ. ಯಾರ ನಡುವಿನ ಸ್ಥಾನ ಎಂಬುದೇ ಪ್ರಶ್ನೆ.

ದುಡ್ಡು ಕೊಟ್ಟು ಮಾಕ್ ಕೊಂಡು, ಭಾನುವಾರ ಬೆಳಿಗ್ಗೆ ಎದ್ದು ಬರೆಯುವವರು ಆಗಲೇ ಗಂಭೀರ ಅಭ್ಯರ್ಥಿಗಳು. ನಿಜವಾದ ಕ್ಯಾಟ್‌ನಲ್ಲಿ ಅರ್ಜಿ ಹಾಕಿ ಪುಸ್ತಕ ತೆರೆಯದವರೂ ಇರುತ್ತಾರೆ. ಹಾಗಾಗಿ ಮಾಕ್‌ನ 72 ಪರೀಕ್ಷೆಯ ದಿನ ಮೇಲೇರುವುದು ಸಾಮಾನ್ಯ. ಒಂದು ಸಂಸ್ಥೆಯ ಮಾಕ್ ಬಲು ಕಷ್ಟ, ಇನ್ನೊಂದರದು ಸಲೀಸು. ಇಲ್ಲಿನ ಪರ್ಸೆಂಟೈಲನ್ನು ಅಲ್ಲಿನದಕ್ಕೆ ಹೋಲಿಸುವುದೂ ವ್ಯರ್ಥ. ನೋಡಬೇಕಾದದ್ದು ತನ್ನದೇ ನೋಟ್‌ಬುಕ್ಕು. ಹೋದ ತಿಂಗಳು ‘ಗೊತ್ತಿದ್ದೂ ಎಡವಿದ್ದು’ ಹನ್ನೊಂದಿದ್ದದ್ದು ಈ ತಿಂಗಳು ನಾಲ್ಕಾಗಿದ್ದರೆ ಹಾದಿ ಸರಿಯಿದೆ.

ಮಂಕಾಗುವವರಿಗಿಂತ ಹೆಚ್ಚು ಚಿಂತೆ ನನಗೆ ಉಬ್ಬುವವರದು. ಉತ್ತರ ಮೊದಲೇ ನೋಡಿಕೊಂಡ ಹಳೇ ಪತ್ರಿಕೆಯನ್ನು ಬರೆದು 98 ತೆಗೆದುಕೊಂಡವರಿದ್ದಾರೆ. ನಡುವೆ ಎದ್ದು ಕಾಫಿ ಕುಡಿದು, ಗಡಿಯಾರ ನಿಲ್ಲಿಸಿ, ಮತ್ತೆ ಕೂತು ಬರೆದವರಿದ್ದಾರೆ. ಯಾರಿಗೆ ತೋರಿಸಲು?

ಮೊಬೈಲಿನಲ್ಲಿ ಈಜು ಕಲಿತವರು

ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ, ನಿಂತಲ್ಲೇ ಮೊಬೈಲಿನಲ್ಲಿ ಮಾಕ್ ಬರೆಯುವವರು ಕಾಣಸಿಗುತ್ತಾರೆ. ಅವರ ಹಟಕ್ಕೆ ಕೈಮುಗಿಯಬೇಕು. ಆದರೆ ಅದರಿಂದ ಆಗುವ ಲಾಭ ಅರ್ಧ ಮಾತ್ರ.

ಕ್ಯಾಟ್ ಕೇಂದ್ರದಲ್ಲಿ ಎದುರಿಗಿರುವುದು ದೊಡ್ಡ ತೆರೆ, ಒಂದು ಮೌಸು. ಕೀಬೋರ್ಡ್ ಮುಟ್ಟುವಂತಿಲ್ಲ, ಅಂಕಿ ತುಂಬಬೇಕಾದಲ್ಲಿ ತೆರೆಯ ಮೇಲಿನ ಅಂಕಿಗಳನ್ನು ಒಂದೊಂದಾಗಿ ಮೌಸಿನಿಂದ ಒತ್ತಬೇಕು. ಕ್ಯಾಲ್ಕುಲೇಟರ್ ಕೂಡ ತೆರೆಯ ಮೇಲೆಯೇ. ಇಂಗ್ಲಿಷ್, ತರ್ಕ, ಗಣಿತ ಇದೇ ಕ್ರಮದಲ್ಲಿ ಬರುತ್ತವೆ. ಒಂದರ 40 ನಿಮಿಷ ಮುಗಿಯುವ ಮೊದಲು ಇನ್ನೊಂದಕ್ಕೆ ಹೋಗುವಂತಿಲ್ಲ, ಹಿಂದಕ್ಕೂ ಬರುವಂತಿಲ್ಲ. ಗದ್ಯಭಾಗವನ್ನು ಒಂದು ಕಡೆ ಉರುಳಿಸುತ್ತ ಇನ್ನೊಂದು ಕಡೆ ಪ್ರಶ್ನೆ ಓದುವುದಕ್ಕೇ ಒಂದು ಅಭ್ಯಾಸ ಬೇಕು. ಬೆರಳಿನಿಂದ ತೆರೆ ಸವರಿ ರೂಢಿಯಾದವರು ಮೌಸು ಹಿಡಿದು ತಡವರಿಸಿದರೆ ಪ್ರಶ್ನೆಗೆ ಹತ್ತು ಸೆಕೆಂಡು ಹೋಯಿತು. ಇಪ್ಪತ್ತು ಪ್ರಶ್ನೆಗೆ ಮೂರು ನಿಮಿಷಕ್ಕೂ ಹೆಚ್ಚು. ಎರಡು ಪ್ರಶ್ನೆ ಕೈಬಿಟ್ಟಂತೆ!

ಪಾಳಿಯ ಮಾತೂ ಇದೆ. ಬೆಳಗಿನ ಪಾಳಿ ಎಂಟೂವರೆಗೆ, ಮಧ್ಯಾಹ್ನದ್ದು ಹನ್ನೆರಡೂವರೆಗೆ, ಸಂಜೆಯದು ನಾಲ್ಕೂವರೆಗೆ. ಬೆಳಗಿನ ಪಾಳಿಗೆ ಬೆಂಗಳೂರಿನ ಕೇಂದ್ರ ಸಿಕ್ಕರೆ ಗುಬ್ಬಿಯವರು ಹಿಂದಿನ ರಾತ್ರಿಯೇ ನೆಂಟರ ಮನೆ ಸೇರಬೇಕು, ಇಲ್ಲವೇ ನಾಲ್ಕಕ್ಕೆಲ್ಲ ಬಸ್ಸು ಹತ್ತಬೇಕು. ಪ್ರವೇಶಪತ್ರ ಕೈಗೆ ಬಂದ ಮೇಲಿನ ಮಾಕ್‌ಗಳನ್ನಾದರೂ ಅದೇ ಹೊತ್ತಿಗೆ, ಅದೇ ನಿದ್ದೆಗೆಟ್ಟ ಕಣ್ಣಿನಲ್ಲಿ ಬರೆದು ನೋಡುವುದು ಜಾಣತನ. ರಾತ್ರಿ ಹನ್ನೊಂದಕ್ಕೆ ಮನೆಯೆಲ್ಲ ಮಲಗಿದ ಮೇಲೆ ಬರೆದ ಮಾಕ್‌ನ ಅಂಕವನ್ನು ನೆಚ್ಚಿಕೊಂಡು ಹೋದವರಿಗೆ ಸಂಜೆ ನಾಲ್ಕೂವರೆಯ ತೂಕಡಿಕೆ ಹೊಸತು.

ಲ್ಯಾಪ್‌ಟಾಪ್ ಇದ್ದವರಿಗೆ ಇದೆಲ್ಲ ಸಾಧ್ಯ. ಇಲ್ಲದವರೇ ಹೆಚ್ಚು. ಕ್ಯಾಟ್ ಅರ್ಜಿಗೇ 2025ರಲ್ಲಿ 2,600 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲರಿಗೆ 1,300. ಆ ಮೇಲೆ ಲ್ಯಾಪ್‌ಟಾಪಿಗೆ ನಲವತ್ತು ಸಾವಿರ ಎಲ್ಲಿಂದ ತರುವುದು? ಸೈಬರ್ ಸೆಂಟರಿನಲ್ಲಿ ಪಹಣಿ, ಆಧಾರ್ ಎಂದು ನಿಂತ ಸರದಿಯ ನಡುವೆ ಎರಡು ಗಂಟೆ ಯಂತ್ರ ಬಿಟ್ಟುಕೊಡುವವರಾರು? ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಿಗೆ ಕಂಪ್ಯೂಟರ್ ಬಂದಿವೆ. ಒಂದೋ ಎರಡೋ ಯಂತ್ರಕ್ಕೆ ಊರಿನ ಮಕ್ಕಳೆಲ್ಲ ಸಾಲು ನಿಂತಿರುತ್ತಾರೆ.

ಯಂತ್ರಗಳು ಈ ಜಿಲ್ಲೆಯಲ್ಲಿ ಇಲ್ಲವೆಂದಲ್ಲ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಪದವಿ ಕಾಲೇಜುಗಳಲ್ಲಿ, ಪಾಲಿಟೆಕ್ನಿಕ್‌ಗಳಲ್ಲಿ ಸಾಲು ಸಾಲಾಗಿ ಕೂತಿವೆ. ದೊಡ್ಡ ತೆರೆ, ಮೌಸು, ತಡೆಯಿಲ್ಲದ ವಿದ್ಯುತ್ತು, ಇಂಟರ್ನೆಟ್ಟು ಎಲ್ಲವೂ ಇವೆ. ಮಾಕ್ ನಡೆಯುವುದು ಭಾನುವಾರ. ಅಂದು ಲ್ಯಾಬಿಗೆ ಬೀಗ.

ಗುಬ್ಬಿ, ಕುಣಿಗಲ್, ತುಮಕೂರಿನ ಪ್ರಾಂಶುಪಾಲರಲ್ಲಿ ಒಂದು ಕೋರಿಕೆ. ಅಕ್ಟೋಬರ್‌ನಿಂದ ನವೆಂಬರ್ ಕೊನೆಯವರೆಗೆ, ಮತ್ತೆ ಪಿಜಿಸಿಇಟಿಗೆ ಮುಂಚಿನ ಎರಡು ತಿಂಗಳು, ಪ್ರತಿ ಭಾನುವಾರ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಒಂದು ಲ್ಯಾಬ್ ತೆರೆದಿಡಿ. ನಿಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳನ್ನೂ, ಪಕ್ಕದ ಊರಿನವರನ್ನೂ ಗುರುತಿನ ಚೀಟಿ ನೋಡಿ ಒಳಗೆ ಬಿಡಿ. ಅಧಿಕೃತ ಪತ್ರಿಕೆಗಳು ಉಚಿತವಾಗಿಯೇ ಇವೆ. ಬೇಕಾಗಿರುವುದು ಒಬ್ಬ ಲ್ಯಾಬ್ ಸಹಾಯಕ ಮತ್ತು ಒಂದು ಕೀಲಿಕೈ. ಈ ವರ್ಷದಿಂದಲೇ ಶುರುಮಾಡಬಹುದು.